ಮುದ್ದೆಗೆ ಬೀಳುವ ಮೀನು, ಲೆಕ್ಕದಿಂದ ತಪ್ಪಿಸಿಕೊಂಡ ಮೀನು

ರಾಗಿ ಮುದ್ದೆ ತಿನ್ನೋ ಮೀನು ಹಿಡಿಯೋಕೆ ಇಂಗ್ಲೆಂಡಿನಿಂದ ಜನ ವಿಮಾನ ಹತ್ತಿ ಬರ್ತಿದ್ರು ಅಂದ್ರೆ ನಂಬ್ತೀರಾ? ನಿಜವಾಗಿಯೂ ಬರುತ್ತಿದ್ದರು. ಒಂದೆರಡು ಸೀಸನ್ ಅಲ್ಲ, ಸರಿಸುಮಾರು ಮೂರು ದಶಕ. ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ಕಾವೇರಿ ದಂಡೆಯ ಟೆಂಟಿನಲ್ಲಿ ವಾರಗಟ್ಟಲೆ ಉಳಿದು, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಟ್ಟು, ಒಂದು ಫೋಟೊ ಇಟ್ಟುಕೊಂಡು ವಾಪಸ್ ಹೋಗುತ್ತಿದ್ದರು.

ಈಗ ಗಾಳಿ ಉಲ್ಟಾ ಬೀಸ್ತಿದೆ. ಆನ್‌ಸೈಟ್ ಹೋದ ನಮ್ಮ ಹುಡುಗರು ಅಲ್ಲಿಂದ ಹಾಕುವ ಫೋಟೊಗಳನ್ನು ನೋಡಿ: ಎದೆವರೆಗಿನ ರಬ್ಬರ್ ಪ್ಯಾಂಟು, ತಣ್ಣನೆಯ ನದಿ, ಪಕ್ಕದಲ್ಲೊಬ್ಬ ಗೈಡ್, ಕೈಯಲ್ಲಿ ಚುಕ್ಕೆ ಚುಕ್ಕೆಯ ಟ್ರೌಟ್. 'ಫ್ಲೈ ಫಿಶಿಂಗ್' ಅನ್ನೋದು ಇದಕ್ಕೇ. ಗರಿ, ದಾರ ಸುತ್ತಿ ಹುಳುವಿನ ಹಾಗೆ ಮಾಡಿದ ಸಣ್ಣ ಕೊಕ್ಕೆಯೇ ಫ್ಲೈ. ಅದಕ್ಕೆ ತೂಕವೇ ಇಲ್ಲದ್ದರಿಂದ ದಪ್ಪ ದಾರದ ತೂಕದಲ್ಲೇ ಅದನ್ನು ಬೀಸಿ ಎಸೆಯಬೇಕು. ಗುಂಪಾಗಿ ಹೋದರೆ ಸಾಮಾನ್ಯವಾಗಿ ಇಬ್ಬರಿಗೊಂದು ದೋಣಿ, ಒಬ್ಬ ಗೈಡ್. ಯಾವ ಹೊತ್ತಿಗೆ ಯಾವ ಹುಳು ನೀರಿನ ಮೇಲೆ ಹಾರುತ್ತೆ, ಮೀನು ಯಾವ ಬಂಡೆಯ ಹಿಂದೆ ನಿಂತಿರುತ್ತೆ ಎಂಬುದೆಲ್ಲ ಅವನಿಗೇ ಗೊತ್ತು. ದುಡ್ಡು ಕೊಡುವುದು ಹೆಚ್ಚುಕಡಿಮೆ ಆ ತಿಳಿವಳಿಕೆಗೇ.

ಅಂಥ ಟ್ರಿಪ್ ನಮ್ಮಲ್ಲೂ ಮಾಡಬಹುದಲ್ವಾ ಅಂತ ಆಫೀಸಿನ ಗ್ರೂಪಿನಲ್ಲಿ ಆಗಾಗ ಯಾರಾದರೂ ಕೇಳುತ್ತಿರುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಹೆಸರೂ ಬರುತ್ತದೆ. ಬೆಟ್ಟ, ಮಂಜು, ತೊರೆ ಎಲ್ಲಾ ಇದೆಯಲ್ಲ, ಟ್ರೌಟ್ ಬಿಡಬಹುದಲ್ಲ ಅನ್ನೋ ಲೆಕ್ಕ. ಆಗಲ್ಲ. ಟ್ರೌಟ್‌ಗೆ ವರ್ಷವಿಡೀ ತಣ್ಣಗಿರುವ, ಆಮ್ಲಜನಕ ತುಂಬಿದ ನೀರು ಬೇಕು. ನೀರಿನ ಉಷ್ಣತೆ 25 ಡಿಗ್ರಿ ದಾಟಿದರೆ ಅದರ ಜೀವಕ್ಕೇ ಕುತ್ತು. ಬ್ರಿಟಿಷರು ಅದನ್ನು ತಂದು ನೆಲೆ ಮಾಡಿಸಿದ್ದು ಇನ್ನೂ ಎತ್ತರದ ನೀಲಗಿರಿಯಲ್ಲಿ. ಊಟಿಯಾಚೆ ಅವಲಾಂಚಿಯ ಟ್ರೌಟ್ ಮರಿ ಕೇಂದ್ರ ಆ ಕಾಲದ್ದು. ಬಿಳಿಗಿರಿಯ ಸಣ್ಣ ಹಳ್ಳಗಳೋ ಬೇಸಿಗೆಯಲ್ಲಿ ಬಸವಳಿಯುತ್ತವೆ. ಮೇಲಾಗಿ 1974ರಿಂದ ವನ್ಯಧಾಮ, 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಗಾಳ ಹಿಡಿದು ಓಡಾಡುವುದು ಅಪರಾಧ.

ಆದರೆ ಈ ಬೆಟ್ಟದ ನೀರು ಎಲ್ಲಿಗೆ ಹೋಗುತ್ತೆ ನೋಡಿ, ಕಥೆ ಶುರುವಾಗೋದೇ ಅಲ್ಲಿ. ಸುವರ್ಣಾವತಿ, ಹಳೆಯ ಹೆಸರು ಹೊನ್ನುಹೊಳೆ, ಇಲ್ಲಿನ ನೀರು ಕಟ್ಟಿಕೊಂಡು ಯಳಂದೂರು ಸೀಮೆ ದಾಟಿ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಗೆ ಸೇರುತ್ತದೆ. ಕಾವೇರಿ ಶಿವನಸಮುದ್ರದಲ್ಲಿ ಧುಮುಕಿ ಕಣಿವೆ ಹಿಡಿಯುತ್ತಾಳೆ. ಅಲ್ಲಿಂದ ಮೇಕೆದಾಟಿನವರೆಗೆ ಬಲದಂಡೆಯಲ್ಲಿ ಕೊಳ್ಳೇಗಾಲ, ಹನೂರಿನ ಕಾಡು. ಎಡದಂಡೆಯಲ್ಲಿ ಮಳವಳ್ಳಿ, ಕನಕಪುರದ ಕಾಡು. ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆ ಎಂಬ ಕ್ಯಾಂಪುಗಳಿದ್ದದ್ದು ಈ ಎಡದಂಡೆಯಲ್ಲಿ. ನಡೆಸುತ್ತಿದ್ದದ್ದು ಸರ್ಕಾರದ್ದೇ ಜಂಗಲ್ ಲಾಡ್ಜಸ್. ಬೆಟ್ಟದ ಮೇಲಿನ ಕೆ.ಗುಡಿ ಕ್ಯಾಂಪೂ ಇವರದ್ದೇ.

ಬರುತ್ತಿದ್ದವರು ಹುಡುಕಿಕೊಂಡು ಬಂದದ್ದು ಮಹಶೀರ್‌ಗಾಗಿ. ನದಿದಂಡೆಯ ಜನರ ಬಾಯಲ್ಲಿ ಬಿಳಿಮೀನು.

ಗಿಲ್ಲಿ ಮತ್ತು ಮುದ್ದೆ

ಗೈಡ್‌ಗಳನ್ನು ಇಲ್ಲಿ 'ಗಿಲ್ಲಿ' ಅನ್ನುತ್ತಿದ್ದರು. ಗಿಲ್ಲಿದಾಂಡಿನ ಗಿಲ್ಲಿ ಅಲ್ಲ, ಸ್ಕಾಟ್ಲೆಂಡಿನಲ್ಲಿ ಶಿಕಾರಿ, ಮೀನು ಹಿಡಿಯಲು ಬಂದ ದೊರೆಗಳ ಜೊತೆ ಹೋಗುವ ಆಳಿಗೆ ಇರುವ ಹೆಸರು. ಅದು ಸೀದಾ ಕಾವೇರಿ ದಂಡೆಗೆ ಬಂದು ಅಂಟಿಕೊಂಡಿತು. ಸುತ್ತಲಿನ ಹಳ್ಳಿಗಳವರೇ ಈ ಗಿಲ್ಲಿಗಳು. ಕೆಲವರು ಅದಕ್ಕೂ ಮುಂಚೆ ಇದೇ ಹೊಳೆಯಲ್ಲಿ ಕದ್ದು ಮೀನು ಹಿಡಿದವರು. ಮಡು ಎಲ್ಲಿ, ಬಂಡೆ ಎಲ್ಲಿ, ಮಳೆ ನೀರು ಇಳಿದ ಮೇಲೆ ದೊಡ್ಡ ಮೀನು ಯಾವ ಸೆಳವಿನ ಅಂಚಿಗೆ ಬಂದು ನಿಲ್ಲುತ್ತೆ ಅನ್ನೋದು ಅಂಥವರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?

ಬೆಳಿಗ್ಗೆ ಅವರ ಮೊದಲ ಕೆಲಸ ಹಿಟ್ಟು ಬೇಯಿಸುವುದು. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ ಬೇಯಿಸಬೇಕು. ಸೆಳವಿನಲ್ಲಿ ಕರಗಬಾರದು, ಕೊಕ್ಕೆ ಒಳಗೆ ಕೂರುವಷ್ಟು ಮೆತ್ತಗೂ ಇರಬೇಕು. ಮನೇಲಿ ಮುದ್ದೆ ತಿರುವಿದವರಿಗೆ ಈ ಹದ ಎಷ್ಟು ಕಷ್ಟ ಅಂತ ಹೇಳಬೇಕಿಲ್ಲ. ಒಳಗೆ ಏನು ಮಸಾಲೆ ಬೆರೆಸುತ್ತಾರೆ ಅನ್ನೋದು ಒಬ್ಬೊಬ್ಬರ ಗುಟ್ಟು. ಫ್ಲೈ ಬೀಸುವವರೂ ಬರುತ್ತಿದ್ದರು, ಹೊಳೆಯುವ ಚಮಚದಂಥ ಲೂರ್ ಎಸೆಯುವವರೂ ಇದ್ದರು, ಏಡಿ ಸಿಕ್ಕಿಸುವುದೂ ಇತ್ತು. ದೊಡ್ಡ ಮೀನು ಬೇಕೆಂದವರು ಮಾತ್ರ ಸುಮ್ಮನೆ ಮುದ್ದೆ ಕಟ್ಟಿಕೊಂಡು ಬಂಡೆ ಮೇಲೆ ಕೂರುತ್ತಿದ್ದರು. ಟ್ರೌಟ್ ಶಿಷ್ಟಾಚಾರದಲ್ಲಿ ಬೆಳೆದು ಬಂದವರಿಗೆ ಇದು ಸ್ವಲ್ಪ ಅವಮಾನ ಅನ್ನಿಸಿರಬೇಕು. ಮೀನಿಗೆ ಅದೆಲ್ಲ ಗೊತ್ತಿಲ್ಲವಲ್ಲ.

ಮಹಶೀರ್ ಬಾಯಿ ತೆರೆದರೆ ದವಡೆಯಲ್ಲಿ ಹಲ್ಲೇ ಕಾಣುವುದಿಲ್ಲ. ಹಲ್ಲಿರುವುದು ಗಂಟಲಲ್ಲಿ. ಏಡಿ, ಬಸವನಹುಳು, ಕಾಡುಹಣ್ಣಿನ ಬೀಜ ಎಲ್ಲವನ್ನೂ ಅಲ್ಲೇ ನುರಿಯುತ್ತದೆ. ಕೊಕ್ಕೆಯೂ ಅಲ್ಲಿಗೆ ಹೋದರೆ ನೆಟ್ಟಗಾಗಿಯೋ ಪುಡಿಯಾಗಿಯೋ ಬರುವುದುಂಟು. ಕಚ್ಚಿದ ಕ್ಷಣಕ್ಕೆ ಅದು ಸೆಳವಿನ ಜೊತೆ ಕೆಳಗೆ ಓಡುತ್ತದೆ, ಬಂಡೆಗಳ ನಡುವೆ ದಾರ ಸಿಕ್ಕಿಸುತ್ತದೆ. ಆಗ ಗಿಲ್ಲಿ ಹರಿಗೋಲು ನೂಕಿ, ಗಾಳ ಹಿಡಿದವನನ್ನು ಅದರಲ್ಲಿ ಕೂರಿಸಿಕೊಂಡು ಮೀನಿನ ಹಿಂದೆಯೇ ಸುತ್ತುತ್ತಾ ಸಾಗಬೇಕು. ಟ್ರೌಟ್ ಟ್ರಿಪ್ಪಿನ ಗೈಡ್ ಸಲಹೆ ಕೊಡುವವನು. ಇಲ್ಲಿಯ ಗಿಲ್ಲಿ ಅರ್ಧ ಮೀನನ್ನು ತಾನೇ ಹಿಡಿದಂತೆ.

ದಡಕ್ಕೆ ಬಂದ ಮೀನನ್ನು ತೂಗಿ, ಫೋಟೊ ತೆಗೆದು, ಸುಸ್ತು ಆರುವವರೆಗೂ ನೀರಲ್ಲೇ ಹಿಡಿದುಕೊಂಡು ಬಿಡುವುದು ನಿಯಮ. ಒಳ್ಳೆ ಬೆಳಕಿನ ಫೋಟೊಗಾಗಿ ಕೆಲವೊಮ್ಮೆ ತುಟಿಗೆ ಹಗ್ಗ ಹಾಕಿ ದಡದ ಬಳಿ ಕಟ್ಟಿಡುತ್ತಿದ್ದದ್ದೂ ಉಂಟು. ಅದು ನನಗೆ ಇಷ್ಟವಾಗದ ಭಾಗ. ಆಮೇಲೆ ಕ್ಯಾಂಪಿನ ಪುಸ್ತಕದಲ್ಲಿ ಒಂದು ಸಾಲು: ತಾರೀಖು, ಎಷ್ಟು ಗಂಟೆ ಗಾಳ ಹಾಕಿದ್ದು, ಯಾವ ಮೀನು, ಎಷ್ಟು ತೂಕ. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಬೇಗ ಬೇಗ ಒಂದು ಇತಿಹಾಸ

ಈ ಹುಚ್ಚಿಗೆ ಗ್ರಂಥ ಬರೆದವರು ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ಅವರ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗನ್ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕೆ.ಜಿ. ತೂಗಿತು. ಹುಲಿ, ಚಿರತೆಗಳಿಗೆ ಹೊಟ್ಟು ತುಂಬಿ ನಿಲ್ಲಿಸುವುದರಲ್ಲಿ ಜಗತ್ಪ್ರಸಿದ್ಧರಾಗಿದ್ದರಲ್ಲ, ಅದೇ ಮನೆತನ. ಗಾಳಕ್ಕೆ ಬಿದ್ದ ಮಹಶೀರ್‌ಗಳ ಪೈಕಿ ದಾಖಲೆ ಅಂತ ಇಂದಿಗೂ ಹೇಳುವುದು ಇದನ್ನೇ.

ಸ್ವಾತಂತ್ರ್ಯ ಬಂದ ಮೇಲೆ ದೊರೆಗಳು ಹೋದರು, ನದಿಗೆ ಡೈನಮೈಟ್ ಬಂತು. ದೊಡ್ಡ ಮಹಶೀರ್ ಮುಗಿದೇ ಹೋಯ್ತು ಅಂತ ಹೊರಗಿನವರು ನಂಬಿದ್ದರು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಾವೇರಿಯ ಒಂದಷ್ಟು ಉದ್ದವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. 1977-78ರಲ್ಲಿ ಮೂವರು ಇಂಗ್ಲಿಷ್ ಯುವಕರು ಬಂದು ದೊಡ್ಡ ಮೀನುಗಳನ್ನು ಹಿಡಿದು ತೋರಿಸಿದಾಗ ಸುದ್ದಿ ಹಬ್ಬಿತು. ಟಿವಿಯಲ್ಲಿ 'ರಿವರ್ ಮಾನ್‌ಸ್ಟರ್ಸ್' ನೋಡಿದವರಿಗೆ ಜೆರೆಮಿ ವೇಡ್ ಗೊತ್ತಿರುತ್ತಾರೆ. ಅವರು 1982ರಲ್ಲಿ ಭಾರತಕ್ಕೆ ಬಂದದ್ದು ಇದೇ ಮೀನಿನ ಬೆನ್ನು ಹತ್ತಿ.

ನಮ್ಮ ಜನ ಈ ಮೀನನ್ನು ನೋಡುತ್ತಿದ್ದ ರೀತಿಯೇ ಬೇರೆ ಬಿಡಿ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ಅದು ದೇವರ ಮೀನು. ಪುರಿ, ಅಕ್ಕಿ ಹಾಕಿ ಕೈ ಮುಗಿಯುತ್ತೇವೆ. ಯಾವ ಅರಣ್ಯ ಕಾಯ್ದೆಗೂ ಮುಂಚಿನ ಕಾವಲು ಅದು.

ಸಂಖ್ಯೆ ಏರಿತು, ಮೀನು ಇಳಿಯಿತು

ಈಗ ಆ ಪುಸ್ತಕದ ಸಾಲಿಗೆ ಬರೋಣ. ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಜತೆಗಾರರು ಕೂತು ಓದಿದರು. ಸುಮಾರು 23,600 ಗಂಟೆಗಳ ಗಾಳ, 6 ಸಾವಿರಕ್ಕೂ ಹೆಚ್ಚು ಮಹಶೀರ್. ಸರಾಸರಿ ನಾಲ್ಕು ಗಂಟೆಗೊಂದು ಮೀನು. ಅರ್ಧ ಕೆ.ಜಿ.ಯಿಂದ ಹಿಡಿದು 46 ಕೆ.ಜಿ. ದಾಟಿದ್ದೂ ಇತ್ತು. ವರ್ಷದಿಂದ ವರ್ಷಕ್ಕೆ ಸಿಗುವ ಮೀನಿನ ಸಂಖ್ಯೆ ಏರುತ್ತಲೇ ಇತ್ತು.

ನಮ್ಮ ಕಡೆಯ ಮೀಟಿಂಗಿನಲ್ಲಾಗಿದ್ದರೆ ಇಲ್ಲಿಗೆ ಚಪ್ಪಾಳೆ ಬೀಳುತ್ತಿತ್ತು. ಗ್ರಾಫ್ ಮೇಲೆ ಹೋಗ್ತಿದೆ, ಮುಂದಿನ ಸ್ಲೈಡ್ ತೋರಿಸಿ.

ಆದರೆ ಲಾಗ್ ಬರೆದವರು 'ಯಾವ ಮೀನು' ಅಂತಲೂ ಬರೆದಿದ್ದರು. ಆ ಕಾಲಮ್ಮಿನ ಪ್ರಕಾರ ಬೇರ್ಪಡಿಸಿದಾಗ ಹೊಳೆಯಲ್ಲಿ ಎರಡು ಮಹಶೀರ್ ಇದ್ದದ್ದು ಕಂಡಿತು. ಒಂದು, ಕಿತ್ತಳೆ ಬಣ್ಣದ ಈಜುರೆಕ್ಕೆಯ, ತಲೆಯ ಹಿಂದೆ ಬೆನ್ನು ಗೂನಾಗಿ ಏಳುವ ಮೀನು. ಕಾವೇರಿಗೆ ಹೆಸರು ತಂದದ್ದು, ಅಷ್ಟು ದೊಡ್ಡದಾಗಿ ಬೆಳೆಯುವುದು ಇದೇ. ಇನ್ನೊಂದು, ನೀಲಿ ರೆಕ್ಕೆಯದು. ಏರುತ್ತಿದ್ದ ಸಂಖ್ಯೆಯೆಲ್ಲ ನೀಲಿಯದು. ಗೂನುಬೆನ್ನಿನದು ಕರಗುತ್ತಿತ್ತು. ಅದರಲ್ಲೂ ಹೆದರಿಸುವ ಒಂದು ವಿಷಯ ಇತ್ತು: ಸಿಕ್ಕ ಕೆಲವೇ ಗೂನುಬೆನ್ನುಗಳ ಸರಾಸರಿ ತೂಕ ಹೆಚ್ಚುತ್ತಾ ಹೋಗಿತ್ತು. ಗಾಳ ಹಾಕಿದವನಿಗೆ ದೊಡ್ಡ ಮೀನು ಖುಷಿಯೇ. ಲೆಕ್ಕ ಓದುವವನಿಗೆ ಅದರ ಅರ್ಥ, ಮರಿಗಳೇ ಇಲ್ಲ. ಇದ್ದ ಮುದುಕರು ಇನ್ನಷ್ಟು ಮುದುಕರಾಗುತ್ತಿದ್ದಾರೆ, ಅಷ್ಟೇ. ಮಕ್ಕಳಿಲ್ಲದ ಹಳ್ಳಿಯ ಶಾಲೆ ಮುಚ್ಚುವುದು ಹೇಗೋ ಹಾಗೆ.

ನೀಲಿ ರೆಕ್ಕೆಯದು ಬಂದದ್ದು ಎಲ್ಲಿಂದ? ನಾವೇ ತಂದು ಬಿಟ್ಟದ್ದು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೆರೆಗಳ ದಂಡೆಯಲ್ಲಿ 1970ರ ದಶಕದಿಂದ ಮಹಶೀರ್ ಮರಿ ಮಾಡುವ ಕೆಲಸ ಶುರುವಾಯಿತು. ಅಳಿಯುತ್ತಿರುವ ಮೀನನ್ನು ಉಳಿಸಬೇಕೆಂಬ ಒಳ್ಳೆಯ ಉದ್ದೇಶವೇ. ಅಲ್ಲಿಯ ಮರಿಗಳು ದೇಶದ ಎಷ್ಟೋ ನದಿಗಳಿಗೆ ಹೋದವು, ಕಾವೇರಿಗೂ ಬಂದವು. 'ಮಹಶೀರ್ ಬಿಟ್ಟಿದ್ದೇವೆ' ಅಂದರೆ ಯಾರೂ 'ಯಾವ ಮಹಶೀರ್?' ಅಂತ ಕೇಳಲಿಲ್ಲ. ಕೃಷ್ಣಾ ಕಣಿವೆಯ ಜಾತಿ ಕಾವೇರಿಗೆ ಬಂದು ಬೇಗ ಹೆಚ್ಚಿತು.

ಇಲ್ಲಿ ಟ್ರೌಟ್ ಟ್ರಿಪ್ಪಿನ ಊರಿಗೆ ಒಂದು ಸುತ್ತು ಹೋಗಿ ಬರಬೇಕು. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಡಿಕ್ ವಿನ್ಸೆಂಟ್ ಎಂಬ ಜೀವಶಾಸ್ತ್ರಜ್ಞ ಮ್ಯಾಡಿಸನ್ ನದಿಯ ಟ್ರೌಟ್‌ಗಳನ್ನು ಎಣಿಸುತ್ತಿದ್ದ. ಹ್ಯಾಚರಿಯ ಮೀನು ಬಿಟ್ಟ ಕಡೆ ನದಿಯದೇ ಕಾಡು ಟ್ರೌಟ್ ಕಡಿಮೆಯಾಗುತ್ತಿತ್ತು, ಬಿಡುವುದನ್ನು ನಿಲ್ಲಿಸಿದ ಕಡೆ ಹೆಚ್ಚಾಗುತ್ತಿತ್ತು. ಹೋಟೆಲಿನವರು, ಗಾಳದವರು ಎಲ್ಲಾ ಕೂಗಾಡಿದರು. ಆದರೂ ಮೊಂಟಾನಾ 1974ರಲ್ಲಿ ಕಾಡು ಟ್ರೌಟ್ ಇರುವ ನದಿಗಳಿಗೆ ಹ್ಯಾಚರಿ ಮೀನು ಬಿಡುವುದನ್ನು ನಿಲ್ಲಿಸಿಬಿಟ್ಟಿತು. ಇವತ್ತು ನಮ್ಮ ಹುಡುಗರು ಡಾಲರ್ ಕೊಟ್ಟು ಹಿಡಿದು ಬಿಡುತ್ತಿರುವುದು ಆ ನಿರ್ಧಾರದ ಫಲವನ್ನು. ಅವರು ನಿಲ್ಲಿಸಿದ ಅದೇ ದಶಕದಲ್ಲಿ ನಾವು ಶುರು ಮಾಡಿದೆವು. ವ್ಯತ್ಯಾಸ ಬುದ್ಧಿಯದ್ದೇನಲ್ಲ. ಅವರಲ್ಲಿ ಎಣಿಸುವವನೊಬ್ಬ ಮುಂಚೆಯೇ ಇದ್ದ, ನಮ್ಮಲ್ಲಿ ಎಣಿಕೆ ಸಿಕ್ಕಿದ್ದು ವಿದೇಶಿ ಪ್ರವಾಸಿಗಳ ರಜೆಯ ಪುಸ್ತಕದಿಂದ, ಅದೂ ತಡವಾಗಿ.

ಇನ್ನೂ ಒಂದು ವಿಚಿತ್ರ ಹೇಳ್ತೀನಿ. ನೂರೈವತ್ತು ವರ್ಷ ಜಗತ್ತೇ ಕೊಂಡಾಡಿದ ಈ ಗೂನುಬೆನ್ನಿನ ಮೀನು ಯಾವ ಪ್ರಭೇದ ಅಂತ ವಿಜ್ಞಾನದಲ್ಲಿ ನಿಕ್ಕಿ ಆಗಿರಲೇ ಇಲ್ಲ. 2018ರಲ್ಲಿ ಪಿಂಡರ್ ತಂಡ ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳ ಡಿಎನ್‌ಎ ನೋಡಿ, ಇದು 2007ರಲ್ಲಿ ಕೇರಳದ ಪಾಂಬಾರ್ ನದಿಯ ಮೀನಿಗೆ ಕೊಟ್ಟಿದ್ದ 'ಟಾರ್ ರೆಮಾದೇವಿ' ಎಂಬ ಹೆಸರಿನದ್ದೇ ಅಂತ ತೋರಿಸಿತು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. ಅದೇ ವರ್ಷ ಐಯುಸಿಎನ್ ಕೆಂಪುಪಟ್ಟಿಯಲ್ಲಿ 'ತೀವ್ರ ಅಪಾಯದಂಚಿನಲ್ಲಿರುವ' ಜೀವಿ ಎಂಬ ಸ್ಥಾನವೂ ಸಿಕ್ಕಿತು. ಆಧಾರ್ ಕಾರ್ಡ್ ಬಂದದ್ದು ಐಸಿಯುಗೆ ಸೇರಿದ ವರ್ಷ.

ಗಾಳ ನಿಂತ ಮೇಲೆ

ಕ್ಯಾಂಪುಗಳಿದ್ದ ಜಾಗ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದೊಳಗೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ 'ಪ್ರಾಣಿ' ಎಂಬ ಪದದ ವ್ಯಾಖ್ಯೆಗೆ ಮೀನನ್ನೂ ಸೇರಿಸಿತು. ಹಾಗಾದರೆ ವನ್ಯಧಾಮದಲ್ಲಿ ಗಾಳ ಹಾಕಿ ಬಿಡುವುದೂ ಬೇಟೆಯೇ ಆಗುವುದಿಲ್ಲವೇ ಎಂಬ ಪ್ರಶ್ನೆ ಎದ್ದು, 2012ರ ಹೊತ್ತಿಗೆ ಮೀನಿನ ಟ್ರಿಪ್ಪುಗಳು ಪೂರ್ತಿ ನಿಂತವು. ಭೀಮೇಶ್ವರಿಯಲ್ಲಿ ಈಗ ಜನ ಜಿಪ್‌ಲೈನಿನಲ್ಲಿ ಜಾರುತ್ತಾರೆ, ಕಯಾಕ್ ಹೊಡೆಯುತ್ತಾರೆ.

ಕಾನೂನಿನ ತರ್ಕ ನನಗೆ ಅರ್ಥವಾಗುತ್ತದೆ. ದಂಡೆಯ ಹಳ್ಳಿಯವನು ಸಾರಿಗೆ ಎರಡು ಮೀನು ಹಿಡಿದರೆ ಕೇಸು, ಹೊರಗಿನಿಂದ ಬಂದವನು ಶೋಕಿಗೆ ಹಿಡಿದರೆ ಕ್ಯಾಂಪು, ಇದು ಯಾರಿಗಾದರೂ ಚುಚ್ಚುವ ಮಾತೇ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ನೀರಿನ ಮೀನಿನ ಮೇಲೆ ಅಲ್ಲಿಯ ಜನರಿಗೆ ಹಕ್ಕಿದೆ ಎನ್ನುತ್ತದೆ. ಬಿಳಿಗಿರಿಯ ಸೋಲಿಗರು 2011ರಲ್ಲಿ ಹುಲಿ ಕಾಡಿನೊಳಗೇ ಸಮುದಾಯ ಹಕ್ಕು ಪಡೆದು ದೇಶಕ್ಕೇ ಮಾದರಿಯಾದರು. ಅಂಥ ಜಾಗದಲ್ಲಿ ನದಿಯನ್ನು ಯಾವುದೋ ಕ್ಲಬ್ಬಿನ ಮೈದಾನ ಮಾಡೋದು ಸರಿ ಅಂತ ನಾನು ವಾದಿಸಲಾರೆ.

ಆದರೆ ಗಾಳದ ಜೊತೆಗೆ ನಿಂತದ್ದು ಇನ್ನೆರಡು. ದಿನಾ ನದಿ ದಂಡೆಯಲ್ಲಿ ಓಡಾಡುತ್ತಿದ್ದ, ಮೀನು ಬದುಕಿದ್ದರೆ ಮಾತ್ರ ಸಂಬಳ ಹುಟ್ಟುತ್ತಿದ್ದ ಗಿಲ್ಲಿಗಳ, ಕಾವಲುಗಾರರ ಕಣ್ಣು. ಮತ್ತೆ ಆ ಲಾಗ್. ಪಿಂಡರ್ ಮತ್ತು ರಾಘವನ್ 2013ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ: ಕ್ಯಾಂಪುಗಳು ಮುಚ್ಚಿದ ಮೇಲೆ ಕಳ್ಳಬೇಟೆಗೆ, ಡೈನಮೈಟಿಗೆ ದಾರಿ ಸಲೀಸಾಯಿತು ಅನ್ನುವುದು ಅವರ ದೂರು. ಅವರು ಗಾಳದವರ ಪರ ಅಂತ ಯಾರಾದರೂ ಅನ್ನಬಹುದು, ಅನ್ನಲಿ. ಆದರೆ ಹುಲಿಗೆ ಕ್ಯಾಮೆರಾ ಕಟ್ಟಿ ಪಟ್ಟೆ ಪಟ್ಟೆ ಎಣಿಸುವ ಅದೇ ಕಾಡಿನ ಪಕ್ಕದ ನೀರಿನೊಳಗೆ ಎಣಿಸುತ್ತಿದ್ದ ಒಂದೇ ಪುಸ್ತಕ 2012ರ ಪುಟಕ್ಕೆ ನಿಂತಿತು. ನನ್ನನ್ನು ಕೇಳಿದರೆ, ವಿದೇಶಿ ಅತಿಥಿ ಬೇಕಿಲ್ಲ, ಫೈವ್‌ಸ್ಟಾರ್ ಟೆಂಟೂ ಬೇಕಿಲ್ಲ. ಆ ಗಿಲ್ಲಿಗಳಿಗೇ ಸಂಬಳ ಕೊಟ್ಟು ವರ್ಷಕ್ಕಿಷ್ಟು ದಿನ ಗಾಳ ಹಾಕಿಸಿ, ಯಾವ ಮೀನು ಅಂತ ಬರೆಸಲಿ. ಮುದ್ದೆ ಖರ್ಚು ಎಷ್ಟಾದೀತು?

ಮೇಕೆದಾಟು ಅಣೆಕಟ್ಟಿನ ಚರ್ಚೆಯಲ್ಲಿ 67 ಟಿಎಂಸಿ ಎಂಬ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ. ಕಟ್ಟಿದರೆ ನೀರು ನಿಲ್ಲುವುದು ಈ ವನ್ಯಧಾಮದ ಕಣಿವೆಯಲ್ಲೇ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ನಾನೂ ಅದೇ ನಲ್ಲಿಯ ಗಿರಾಕಿ. ಹಾಗಿದ್ದರೂ ಸೆಳವು, ಮಡು, ಬಂಡೆ ನಂಬಿ ಬದುಕುವ ಮೀನಿನ ಲೆಕ್ಕ ಆ ಯೋಜನೆಯ ಕಡತದಲ್ಲಿ ಒಂದು ಸಾಲಾದರೂ ಇರಬೇಕಲ್ಲ.

ಬೆಟ್ಟಕ್ಕೆ, ಭೀಮೇಶ್ವರಿಗೆ, ಶಿವನಸಮುದ್ರಕ್ಕೆ ಹೋಗುವವರು ಗಾಳ ಒಯ್ಯಬೇಡಿ. ದಂಡೆಯ ಹೋಟೆಲಿನಲ್ಲಿ 'ಮಹಶೀರ್ ಫ್ರೈ' ಅಂದರೆ ಬೇಡ ಅನ್ನಿ. ಇನ್ನೊಂದು ಕೆಲಸ ಮನೆಯಲ್ಲೇ ಕೂತು ಮಾಡಬಹುದು. ಶಿವನಸಮುದ್ರದ ವಿದ್ಯುದಾಗಾರದಲ್ಲೋ, ನೀರಾವರಿ ಇಲಾಖೆಯಲ್ಲೋ, ಕೊಳ್ಳೇಗಾಲ, ಹನೂರು ಕಡೆಯ ಶಾಲೆಯಲ್ಲೋ ಅಜ್ಜ, ದೊಡ್ಡಪ್ಪ ಕೆಲಸ ಮಾಡಿದ್ದರೆ ಹಳೆಯ ಟ್ರಂಕಿನಲ್ಲಿ ಆಳೆತ್ತರದ ಮೀನಿನ ಪಕ್ಕ ನಿಂತ ಕಪ್ಪುಬಿಳುಪು ಫೋಟೊ ಇರಲೂಬಹುದು. ಈ ಸಂಶೋಧಕರು ಹಳೆಯ ಜಾತಿಯ ಜಾಡು ಹಿಡಿದದ್ದರಲ್ಲಿ ಅಂಥ ಫೋಟೊಗಳದ್ದೂ ಪಾಲಿದೆ. ರೆಕ್ಕೆಯ ಬಣ್ಣ ಕಾಣದಿದ್ದರೂ ತಲೆಯ ಹಿಂದೆ ಗೂನು ಇದೆಯಾ ನೋಡಿ. ಆಮೇಲೆ ಫೋಟೊ ತಿರುಗಿಸಿ, ಹಿಂದೆ ಇಸವಿ, ಊರು ಬರೆದಿದೆಯಾ ನೋಡಿ.